ಕೆಂಡಲ್ ಪಟ್ಟಣದ ಕರಿಯ ಹಗ್ಗ

ಇಂಗ್ಲೆಂಡಿನ ಹಳೆಯ ಕಾಲದ ಕಟು ಹೊಗೆಸೊಪ್ಪಿನ ವೃತ್ತಾಂತ

ನಂಜನಗೂಡಿಗೆ ರಸಬಾಳೆ, ದೇವನಹಳ್ಳಿಗೆ ಚಕ್ಕೋತ, ಚನ್ನಪಟ್ಟಣಕ್ಕೆ ಬೊಂಬೆ—ಹೀಗೆ ಒಂದೊಂದು ಊರಿಗೆ ಒಂದೊಂದು ಪದಾರ್ಥ ಹೆಸರು ತಂದುಕೊಟ್ಟಿರುವುದನ್ನು ನಾವೆಲ್ಲರೂ ಬಲ್ಲೆವು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಕೆಂಟ್ ಎಂಬ ಪುಟ್ಟ ನದಿಯ ದಡದಲ್ಲಿರುವ ಕೆಂಡಲ್ ಪಟ್ಟಣಕ್ಕೆ ಇಂತಹ ಕೀರ್ತಿ ಒಂದು ಸಲವಲ್ಲ, ಮೂರು ಸಲ ಲಭಿಸಿತು. ಮೊದಲನೆಯದು ಅಲ್ಲಿ ನೇಯುತ್ತಿದ್ದ ಹಸುರು ಬಣ್ಣದ ಉಣ್ಣೆಯ ಬಟ್ಟೆ. ಷೇಕ್ಸ್‌ಪಿಯರ್ ಮಹಾಕವಿಯ ನಾಟಕದಲ್ಲಿಯೂ ಈ 'ಕೆಂಡಲ್ ಹಸುರಿ'ನ ಉಲ್ಲೇಖ ಉಂಟು. ಎರಡನೆಯದು ಪುದೀನದ ಎಣ್ಣೆ ಬೆರೆಸಿದ ಸಕ್ಕರೆಯ ಬಿಲ್ಲೆ. 1953ರಲ್ಲಿ ತೇನ್‌ಸಿಂಗ್ ಹಾಗೂ ಹಿಲರಿ ಎವರೆಸ್ಟ್ ಶಿಖರವನ್ನೇರಿದಾಗ ಆ ತಂಡದವರ ಬುತ್ತಿಯಲ್ಲಿ ಈ ಬಿಲ್ಲೆಯೂ ಇದ್ದಿತು. ಮೂರನೆಯದು, ಎಲ್ಲಕ್ಕಿಂತ ವಿಚಿತ್ರವಾದುದು—ಹೊಗೆಸೊಪ್ಪು.

ವರ್ಡ್ಸ್‌ವರ್ತ್ ಕವಿಯು ಬಾಳಿ ಹಾಡಿದ ಸರೋವರ ಸೀಮೆಗೆ ಕೆಂಡಲ್ ಹೆಬ್ಬಾಗಿಲು. ಹಿಂದೆ ವೆಸ್ಟ್‌ಮೋರ್‌ಲೆಂಡ್ ಎನಿಸಿಕೊಂಡಿದ್ದ ಆ ಪ್ರಾಂತವು 1974ರಲ್ಲಿ ಕಂಬ್ರಿಯದೊಳಗೆ ಸೇರಿತು. ಸದಾ ಮಳೆ, ಸದಾ ಮಂಜು; ಸುಣ್ಣಗಲ್ಲಿನ ಬೂದುಬಣ್ಣದ ಮನೆಗಳು; ಸುತ್ತಲೂ ಕುರಿ ಮೇಯುವ ಗುಡ್ಡಗಳು. ಹೊಗೆಸೊಪ್ಪಿನ ಒಂದು ಗಿಡವೂ ಬೆಳೆಯದ ಇಂತಹ ತಣ್ಣನೆಯ ಊರಿನಲ್ಲಿ, ಲೋಕದಲ್ಲಿಯೇ ಅತ್ಯಂತ ಕಟುವೆಂದು ಹೆಸರಾದ ಪೈಪಿನ ಹೊಗೆಸೊಪ್ಪು ಎರಡು ಶತಮಾನಗಳಿಗೂ ಮಿಕ್ಕಿ ತಯಾರಾಗುತ್ತ ಬಂದಿತೆಂಬುದು ಆಶ್ಚರ್ಯವಲ್ಲವೆ? ಕನ್ನಡಿಗರ ಕಿವಿಗೆ ಆ ಊರಿನ ಹೆಸರೇ 'ಕೆಂಡ'ವನ್ನು ನೆನಪಿಗೆ ತರುವುದು ಕೇವಲ ಆಕಸ್ಮಿಕವಾದರೂ, ಹೆಸರು ಮಾತ್ರ ಅನ್ವರ್ಥವಾಗಿಯೇ ಇದೆ!

ಕುದುರೆಯ ಬೆನ್ನೇರಿ ಬಂದ ಯಂತ್ರ

ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ವರ್ಜೀನಿಯದಿಂದ ಹೊಗೆಸೊಪ್ಪನ್ನು ಹೊತ್ತ ಹಡಗುಗಳು ಇಂಗ್ಲೆಂಡಿನ ವಾಯವ್ಯ ತೀರದ ವೈಟ್‌ಹೇವನ್ ಬಂದರಿಗೆ ಬಂದು ನಿಲ್ಲುತ್ತಿದ್ದವು. ಅಲ್ಲಿಂದ ಒಳನಾಡಿಗೆ ಸರಕು ಸಾಗಿಸುವ ಹೇರುಕುದುರೆಗಳ ಹಾದಿಯಲ್ಲಿ ಕೆಂಡಲ್ ಒಂದು ಮುಖ್ಯವಾದ ತಂಗುದಾಣ. ಸರಕು ಕಣ್ಣ ಮುಂದೆಯೇ ಹಾದುಹೋಗುತ್ತಿರುವಾಗ ಅದರಿಂದ ನಾಲ್ಕು ಕಾಸು ಸಂಪಾದಿಸುವ ಉಪಾಯ ಯಾರಿಗಾದರೂ ಹೊಳೆಯದೆ ಇದ್ದೀತೆ?

ಹೊಳೆದದ್ದು ಥಾಮಸ್ ಹ್ಯಾರಿಸನ್ ಎಂಬಾತನಿಗೆ. ನಶ್ಯ ತಯಾರಿಸುವ ವಿದ್ಯೆಯನ್ನು ಕಲಿಯಲು ಆತ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರಕ್ಕೆ ಹೋದ. 1792ರಲ್ಲಿ ಮರಳಿ ಬರುವಾಗ ಬರಿಗೈಯಲ್ಲಿ ಬರಲಿಲ್ಲ. ನಶ್ಯ ಅರೆಯುವ ಯಂತ್ರಗಳನ್ನು, ಅವೂ ಸುಮಾರು ಐವತ್ತು ಟನ್ನು ತೂಕದವನ್ನು, ಕುದುರೆಗಳ ಬೆನ್ನ ಮೇಲೆ ಹೇರಿಸಿಕೊಂಡು ಬಂದನೆಂದು ಆ ಊರಿನ ಹಳಬರು ಹೇಳುತ್ತ ಬಂದಿದ್ದಾರೆ. ಆ ಯಂತ್ರಗಳು ಆ ವೇಳೆಗಾಗಲೇ ಹಳೆಯವು. ಅವುಗಳಲ್ಲೊಂದು 1750ರ ಸುಮಾರಿನದೆಂದು ಎಣಿಕೆ. ಓಕ್ ಮರ ಹಾಗೂ ಕಬ್ಬಿಣದ ಆ ಒರಳು ಒನಕೆಗಳು, ಉಗಿಯಂತ್ರ ಬಂದು ಹೋದರೂ, ವಿದ್ಯುಚ್ಛಕ್ತಿ ಬಂದು ನಿಂತರೂ, ತಮ್ಮ ಪಾಡಿಗೆ ತಾವು ಅರೆಯುತ್ತಲೇ ಇದ್ದವು.

ಮುಂದಿನ ತಲೆಮಾರಿನಲ್ಲಿ ಸ್ಯಾಮ್ಯುಅಲ್ ಗಾವಿತ್ ಎಂಬ ತರುಣ ಹ್ಯಾರಿಸನ್ ಮನೆತನದ ಜೇನ್ ಎಂಬ ಕನ್ಯೆಯನ್ನು ಮನೆಯವರಿಗೆ ತಿಳಿಸದೆಯೇ ಕರೆದೊಯ್ದು ಮದುವೆಯಾದನೆಂಬ ಕಥೆಯೂ ಉಂಟು. ಪ್ರೇಮವಿವಾಹಕ್ಕೆ ಮುನಿಸಿಕೊಂಡವರು ಕಾಲಕ್ರಮದಲ್ಲಿ ಶಾಂತರಾದರೆಂದು ತೋರುತ್ತದೆ. ಏಕೆಂದರೆ ವ್ಯಾಪಾರ ಆ ಅಳಿಯನ ಹೆಸರಿನಲ್ಲಿಯೇ ಬೆಳೆಯಿತು. ಮುಂದೆ ಮನೆತನ ಕವಲೊಡೆದು ಎರಡು ಕಾರ್ಖಾನೆಗಳಾದವು: ಒಂದು 'ಸ್ಯಾಮ್ಯುಅಲ್ ಗಾವಿತ್', ಇನ್ನೊಂದು 'ಗಾವಿತ್ ಹಾಗರ್ತ್'. ಒಂದೇ ಪುಟ್ಟ ಊರಿನಲ್ಲಿ, ಒಂದೇ ರಕ್ತದ ಎರಡು ಸಂಸ್ಥೆಗಳು, ಒಂದೇ ಸರಕನ್ನು ಪೈಪೋಟಿಯಿಂದ ತಯಾರಿಸುತ್ತ ಹೋದವು. ಎರಡನೆಯ ಸಂಸ್ಥೆಯವರ ಲೋಥರ್ ಬೀದಿಯ ಹಳೆಯ ಕಟ್ಟಡದ ಬಾಗಿಲ ಮೇಲೆ ಮುಂಡಾಸು ಸುತ್ತಿದ ತುರ್ಕಿಯವನೊಬ್ಬನ ಬಣ್ಣದ ಬೊಂಬೆ ಇದೆ. ಓದುಬಾರದ ಗಿರಾಕಿಗಳಿಗೆ ಹೊಗೆಸೊಪ್ಪಿನ ಅಂಗಡಿಯ ಗುರುತು ತಿಳಿಸಲು ಆ ಕಾಲದವರು ಇರಿಸುತ್ತಿದ್ದ ಚಿಹ್ನೆ ಅದು.

ಬೆಲ್ಲ ಬೆರೆಸಬಾರದೆಂಬ ಕಾಯಿದೆ

ಇಂಗ್ಲೆಂಡಿನ ಹಳೆಯ ಪದ್ಧತಿಯ ಹೊಗೆಸೊಪ್ಪಿಗೂ ಬೇರೆ ದೇಶಗಳದಕ್ಕೂ ಇರುವ ಮುಖ್ಯ ಅಂತರವೇನು? ಅಮೆರಿಕ, ಹಾಲೆಂಡ್, ಡೆನ್ಮಾರ್ಕ್ ದೇಶಗಳಲ್ಲಿ ಎಲೆಗೆ ಕಾಕಂಬಿ, ಸಕ್ಕರೆಪಾಕ, ಜೇನು, ಹಣ್ಣಿನ ರಸ, ವೆನಿಲ್ಲದಂತಹ ಪರಿಮಳ—ಇವನ್ನೆಲ್ಲ ಧಾರಾಳವಾಗಿ ಸೇರಿಸುವ ವಾಡಿಕೆ. ಹತ್ತಿರ ಕುಳಿತವರಿಗೆ ಆಗ ಮಿಠಾಯಿ ಅಂಗಡಿಯ ವಾಸನೆ ಬಂದರೂ ಬರಬಹುದು. ಇಂಗ್ಲೆಂಡಿನಲ್ಲಿ ಹಾಗೆ ಮಾಡುವಂತಿರಲಿಲ್ಲ. ಅದಕ್ಕೆ ಕಾರಣ ರಸಿಕತೆಯಲ್ಲ, ರಾಜ್ಯದ ಬೊಕ್ಕಸ!

ಹೊಗೆಸೊಪ್ಪಿನ ಮೇಲಿನ ಸುಂಕ ಆ ದೇಶದ ಸರಕಾರಕ್ಕೆ ಮೊದಲಿನಿಂದಲೂ ದೊಡ್ಡ ವರಮಾನ. 1604ರಲ್ಲಿ ಒಂದನೆಯ ಜೇಮ್ಸ್ ದೊರೆ ಹೊಗೆಸೊಪ್ಪನ್ನು ಹೀನಾಯವಾಗಿ ನಿಂದಿಸಿ ತಾನೇ ಒಂದು ಪುಸ್ತಿಕೆಯನ್ನು ಬರೆದ. ಅಷ್ಟಕ್ಕೆ ಬಿಡದೆ, ಪೌಂಡಿಗೆ ಎರಡು ಪೆನ್ಸ್ ಇದ್ದ ಸುಂಕವನ್ನು ಒಂದೇ ಏಟಿಗೆ ಆರು ಷಿಲಿಂಗ್ ಹತ್ತು ಪೆನ್ಸಿಗೆ ಏರಿಸಿದ. ಸೇದುವವರು ಕಡಮೆಯಾಗಲಿಲ್ಲ, ಕಳ್ಳಸಾಗಣೆ ಮಾತ್ರ ಹೆಚ್ಚಿತು. ದೊರೆಗಳು ಬದಲಾದರು, ಸುಂಕ ಉಳಿಯಿತು. ಎಲೆಯನ್ನು ತೂಗಿ ಸುಂಕ ಕಟ್ಟಿಸಿಕೊಂಡ ಮೇಲೆ ವ್ಯಾಪಾರಿಯು ಅದಕ್ಕೆ ಅಗ್ಗದ ಕಾಕಂಬಿಯನ್ನೂ ಬೇರೆ ಗಿಡಗಳ ಎಲೆಯನ್ನೂ ಬೆರೆಸಿ ತೂಕ ಹೆಚ್ಚಿಸಿದರೆ ಸರಕಾರಕ್ಕೆ ಮೋಸವಾದಂತೆ ತಾನೆ? ಆದುದರಿಂದ 1842ರ ಕಾಯಿದೆ ಇಂತಹ ಬೆರಕೆಗಳನ್ನು ಬಿಗಿಯಾಗಿ ನಿಷೇಧಿಸಿತು. ತಯಾರಕರ ಕೈಯಲ್ಲಿ ಉಳಿದದ್ದು ನೀರು, ಹುರಿಹೊಸೆಯುವಾಗ ಸವರುವ ಎಣ್ಣೆ, ಬೆಂಕಿ, ಭಾರ, ಮತ್ತು ಕಾಲ—ಇಷ್ಟೇ.

ಇಷ್ಟರಿಂದಲೇ ರುಚಿಯನ್ನು ಹೊರಡಿಸಬೇಕಾದ ಬಲವಂತವು ಅವರಿಗೆ ಒಂದು ವಿದ್ಯೆಯನ್ನು ಕಲಿಸಿತು. ಎಲೆಯಲ್ಲಿ ಹುಟ್ಟಿನಿಂದಲೇ ಇರುವ ಸಿಹಿ, ಹುಳಿ, ಒಗರುಗಳನ್ನು ಒತ್ತಿ, ಬೇಯಿಸಿ, ಮಾಗಿಸಿ ಹೊರಗೆ ತರುವ ಆ ವಿದ್ಯೆಯೇ 'ಇಂಗ್ಲಿಷ್ ಪದ್ಧತಿ' ಎಂಬ ಹೆಸರನ್ನು ಪಡೆಯಿತು. ಕೆಂಡಲ್ಲಿನವರು ಮಾತ್ರ ಗುಲಾಬಿ, ಜೆರೇನಿಯಂ, ಟೊಂಕ ಬೀಜ ಮುಂತಾದವುಗಳ ಸುವಾಸನೆಯನ್ನು ಹನಿಯಷ್ಟು ಸೋಂಕಿಸುವ ತಮ್ಮದೇ ಒಂದು ರೂಢಿಯನ್ನು ಉಳಿಸಿಕೊಂಡರು. ಮಗ್ಗುಲ ಕೋಣೆಯಲ್ಲಿಯೇ ಪರಿಮಳದ ನಶ್ಯವನ್ನು ಅರೆಯುವವರಿಗೆ ಅದು ಸಹಜವೂ ಹೌದು. ಈ ಕಟುವಾದ ಕಪ್ಪೆಲೆಯ ಮೇಲೆ ಅಜ್ಜಿಯ ಪೆಟ್ಟಿಗೆಯ ಸೋಪಿನಂತಹ ಹೂವಿನ ವಾಸನೆ! ಮೆಚ್ಚಿದವರು ಬೇರೊಂದನ್ನು ಮುಟ್ಟರು. ಮೆಚ್ಚದವರು ಎರಡನೆಯ ಸಲ ಹತ್ತಿರ ಸುಳಿಯರು.

ಹಗ್ಗ ಹೊಸೆಯುವ ಕುಶಲತೆ

ಕೆಂಡಲ್ಲಿನ ಸರಕುಗಳಲ್ಲಿ ಅತ್ಯಂತ ಪುರಾತನವಾದುದು ಹುರಿ ಹೊಗೆಸೊಪ್ಪು. ನೋಡಿದವರು ಇದನ್ನು ತಿನ್ನುವ ಅಥವಾ ಸೇದುವ ವಸ್ತುವೆಂದು ನಂಬಲಾರರು. ಎತ್ತಿನ ಮೂಗುದಾರವೋ ಹಡಗಿನ ಹಗ್ಗದ ತುಂಡೋ ಎಂದು ಭ್ರಮಿಸಬೇಕು.

ತಯಾರಿಸುವ ಕ್ರಮ ಹೀಗೆ: ಒಣಗಿ ಪುಡಿಯಾಗುವ ಎಲೆಯನ್ನು ಮೊದಲು ನೀರಿನ ತೇವದಿಂದ ಮೆದು ಮಾಡುತ್ತಾರೆ. ನಡುವಿನ ದಪ್ಪ ನರವನ್ನು ತೆಗೆಯುತ್ತಾರೆ. ಉದ್ದವಾದ ಮೇಜಿನ ಕೊನೆಯಲ್ಲಿ ತಿರುಗುವ ಯಂತ್ರ. ಸಹಾಯಕರು ಒಳಗೆ ತುಂಬುವ ಎಲೆಯನ್ನೂ ಹೊರಗೆ ಸುತ್ತುವ ಅಗಲವಾದ ಎಲೆಯನ್ನೂ ಜೋಡಿಸಿ ಒದಗಿಸುತ್ತ ಹೋದಂತೆ, ಹೊಸೆಯುವವರು ಅಂಗೈಯ ಅಂದಾಜಿನಿಂದಲೇ ಅದನ್ನು ಯಂತ್ರಕ್ಕೆ ಉಣ್ಣಿಸುತ್ತಾರೆ. ಎಲೆ ಹೆಚ್ಚಾದರೆ ಹುರಿ ಉಬ್ಬುತ್ತದೆ. ಕಡಮೆಯಾದರೆ ಕಡಿದು ಬೀಳುತ್ತದೆ. ನಮ್ಮ ಹಳ್ಳಿಗಳಲ್ಲಿ ಕತ್ತಾಳೆ ನಾರಿನಿಂದ ಹಗ್ಗ ಹೊಸೆಯುವವರನ್ನು ಕಂಡವರಿಗೆ ಈ ಕೈಚಳಕವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಬೆರಳಿನ ಗಾತ್ರದ ಆ ಹುರಿಯನ್ನು ಸಿಂಬಿಯಂತೆ ಸುತ್ತಿ ಒತ್ತಡಕ್ಕೆ ಗುರಿಪಡಿಸುತ್ತಾರೆ. ಹಾಗೆಯೇ ಬಿಟ್ಟರೆ ಅದು ಕಂದು ಹುರಿ. ಎಣ್ಣೆಯೊಡನೆ ಬಿಸಿಯಲ್ಲಿ ಬೇಯಿಸಿ ಒತ್ತಿದರೆ ಎಲೆಯ ರಸ ಹೊರಬಂದು ಮೈಗೆ ಹತ್ತಿ ಇದ್ದಿಲಿನಂತೆ ಹೊಳೆಯುವ ಕರಿಯ ಹುರಿ.

ಇನ್ನೊಂದು ಬಗೆ 'ಫ್ಲೇಕ್' ಎಂಬ ಬಿಲ್ಲೆ. ಎಲೆಗಳನ್ನು ಹಾಸು ಹಾಸಾಗಿ ಪೇರಿಸಿ, ಕಾವು ಕೊಟ್ಟು, ಭಾರಿ ಒತ್ತಡದಲ್ಲಿರಿಸಿದರೆ ಅವೆಲ್ಲ ಒಂದಾಗಿ ಕೊಬ್ಬರಿ ಮಿಠಾಯಿಯ ಹಲಗೆಯಂತೆ ಗಟ್ಟಿಯಾಗುತ್ತವೆ. ಬಳಿಕ ಹರಿತವಾದ ಅಲಗಿನಿಂದ ತೆಳ್ಳಗೆ ಸೀಳುತ್ತಾರೆ. ಈ ಉಪಾಯದ ಮೂಲ ನಾವಿಕರದೆಂದು ಪ್ರತೀತಿ. ದೀರ್ಘ ಪ್ರಯಾಣದಲ್ಲಿ ಅವರು ತಮ್ಮ ಪಾಲಿನ ಎಲೆಯನ್ನು ರಮ್ಮಿನಲ್ಲಿ ನೆನೆಸಿ, ಗೋಣಿಬಟ್ಟೆಯಲ್ಲಿ ಸುತ್ತಿ, ಹಗ್ಗದಿಂದ ಬಿಗಿದು ಮಾಗಲು ಬಿಡುತ್ತಿದ್ದರು. ಬೇಕಾದಾಗ ಚೂರಿಯಿಂದ ಒಂದೊಂದು ಬಿಲ್ಲೆ ಕೊಯ್ದುಕೊಂಡರಾಯಿತು. 'ನೇವಿ ಕಟ್' ಎಂದು ಸಿಗರೇಟಿನ ಪೆಟ್ಟಿಗೆಗಳ ಮೇಲೆ ಕಂಡುಬರುವ ಮಾತಿನ ಹಿಂದಿರುವ ಕಥೆ ಇದು.

ಸೊಕ್ಕುವುದೇಕೆ?

ಈ ಹೊಗೆಸೊಪ್ಪಿನ ಖಾರ ಎಷ್ಟೆಂಬುದನ್ನು ಅರಿಯದೆ ಸಿಗರೇಟಿನಂತೆ ಎಳೆದವರು ಕುಳಿತಲ್ಲಿಯೇ ಬೆವರಿ, ಬಿಕ್ಕಳಿಸಿ, ಗೋಡೆ ಹಿಡಿದುಕೊಳ್ಳಬೇಕಾಗುತ್ತದೆ. ಹೊಸದಾಗಿ ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿಕೊಂಡವನಿಗೆ ಸೊಕ್ಕುವಂತೆಯೇ ಇದು. ಇದಕ್ಕೆ ಕಾರಣವನ್ನು ರಸಾಯನಶಾಸ್ತ್ರ ಸ್ಪಷ್ಟವಾಗಿ ಹೇಳುತ್ತದೆ.

ಸಿಗರೇಟಿಗೆ ಬಳಸುವ ಹೊಂಬಣ್ಣದ ವರ್ಜೀನಿಯ ಎಲೆಯಲ್ಲಿ ಸಕ್ಕರೆಯ ಅಂಶ ಹೆಚ್ಚು. ಅದರ ಹೊಗೆ ಆಮ್ಲಗುಣವುಳ್ಳದ್ದು. ಆ ಹೊಗೆಯಲ್ಲಿನ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕ ರಕ್ತವನ್ನು ಅಷ್ಟಾಗಿ ಸೇರಲಾರದು. ಶ್ವಾಸಕೋಶಕ್ಕೆ ಎಳೆದುಕೊಂಡರೆ ಮಾತ್ರ ಏರುತ್ತದೆ. ಆದರೆ ಗಾಳಿಯಲ್ಲಿ ಒಣಗಿಸಿದ ಅಥವಾ ಕಟ್ಟಿಗೆಯ ಹೊಗೆಯಲ್ಲಿ ಹದಗೊಳಿಸಿದ ಕಪ್ಪೆಲೆಯಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಮೆ, ನಿಕೋಟಿನ್ ಹೆಚ್ಚು. ಅದರ ಹೊಗೆ ಕ್ಷಾರಗುಣದ್ದು. ಕ್ಷಾರದ ನೆರವಿದ್ದಾಗ ನಿಕೋಟಿನ್ ಬಾಯಿಯಿಂದಲೇ ನೇರವಾಗಿ ರಕ್ತಕ್ಕಿಳಿಯುತ್ತದೆ. ಹೊಗೆಸೊಪ್ಪು ಹಾಕಿಕೊಳ್ಳುವವರು ಅದರ ಜೊತೆಗೆ ಸುಣ್ಣವನ್ನು ಏಕೆ ಹಚ್ಚುತ್ತಾರೆ? ಗುಟ್ಟು ಅದೇ. ಸುಣ್ಣದ ಕ್ಷಾರ ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಕಪ್ಪೆಲೆಯ ಹೊಗೆಯೇ ಮಾಡುತ್ತದೆ. ಪೈಪು ಸೇದುವವರು ಹೊಗೆಯನ್ನು ನುಂಗುವುದಿಲ್ಲವಾದರೂ ಅವರಿಗೆ ಚಟ ಬಿಡದಿರುವುದೇಕೆಂಬ ಪ್ರಶ್ನೆಗೂ ಇದರಲ್ಲಿ ಉತ್ತರವಿದೆ.

ಇಷ್ಟು ಕಟುವಾದುದು ಯಾರಿಗೆ ಬೇಕಾಗಿತ್ತು? ಕುರ್ಚಿಯಲ್ಲಿ ಒರಗುವ ಸಿರಿವಂತರಿಗಲ್ಲ, ಮೈಮುರಿದು ದುಡಿಯುವವರಿಗೆ. ಕಲ್ಲಿದ್ದಲ ಗಣಿಯೊಳಗೆ ಕಿಡಿ ಸೋಕಿದರೆ ಸಾಕು, ಅಲ್ಲಿನ ಅನಿಲ ಸಿಡಿದು ನೂರಾರು ಜೀವ ಹೋಗುವ ಭಯ. ಆದುದರಿಂದ ಗಣಿಯಾಳುಗಳು ಪಾತಾಳದಲ್ಲಿರುವಷ್ಟು ಹೊತ್ತು ಕರಿಯ ಹುರಿಯ ತುಂಡನ್ನು ದವಡೆಯಲ್ಲಿರಿಸಿಕೊಂಡು ಅಗಿಯುತ್ತಿದ್ದರು. ಮೇಲೆ ಬಂದ ಮೇಲೆ ಅದನ್ನೇ ಪೈಪಿಗೆ ತುಂಬುತ್ತಿದ್ದರು. ಅಗಿದರೆ ಕಲ್ಲಿದ್ದಲ ದೂಳಿನಿಂದ ಒಣಗಿದ ಬಾಯಿಯೂ ತೇವವಾಗುತ್ತಿತ್ತು. ಸಮುದ್ರದ ಗಾಳಿಗೆ ಸಡಿಲ ಹೊಗೆಸೊಪ್ಪು ಹಾರಿಹೋಗುವುದರಿಂದ ಬೆಸ್ತರಿಗೂ ಹುರಿಯೇ ಅನುಕೂಲ. ಅದು ಜೇಬಿನಲ್ಲಿ ಒಣಗದು, ಬೇಗ ಉರಿದು ಮುಗಿಯದು, ಸ್ವಲ್ಪವೇ ಬಹಳ ಹೊತ್ತು ಬರುವುದು. ಬಡವನ ಲೆಕ್ಕಾಚಾರಕ್ಕೆ ಇದಕ್ಕಿಂತ ಬೇರೆ ಗುಣವೇನು ಬೇಕು?

ಲಂಡನ್ನಿನ ಮಿಶ್ರಣಗಳು

ಇತ್ತ ಲಂಡನ್ನಿನಲ್ಲಿ ಬೇರೆಯೇ ಒಂದು ಲೋಕವಿತ್ತು. ಸಿರಿಯ ದೇಶದ ಲಟಾಕಿಯ ಬಂದರಿನ ಹೆಸರು ಹೊತ್ತ ಒಂದು ಕಪ್ಪೆಲೆ ಅಲ್ಲಿಯ ಶ್ರೀಮಂತರ ಮನಸ್ಸನ್ನು ಸೂರೆಗೊಂಡಿತು. ಹಿಂದೊಮ್ಮೆ ಬೆಳೆ ಹೆಚ್ಚಾಗಿ ಮಾರಾಟವಾಗದೆ ಉಳಿದ ಎಲೆಯನ್ನು ರೈತರು ಮನೆಯ ಜಂತಿಗಳಿಗೆ ಕಟ್ಟಿದರಂತೆ; ಚಳಿಗಾಲವಿಡೀ ಒಲೆಯ ಹೊಗೆ ಕುಡಿದ ಅದು ಅಪೂರ್ವವಾದ ಪರಿಮಳವನ್ನು ಪಡೆಯಿತಂತೆ. ಕಥೆ ನಿಜವೋ ಸುಳ್ಳೋ, ಕಟ್ಟಿಗೆಯ ಹೊಗೆಯಲ್ಲಿ ಎಲೆಯನ್ನು ಹದಗೊಳಿಸುವ ಕ್ರಮ ಮಾತ್ರ ನಿಜ. ಮಲೆನಾಡಿನ ಅಡಿಗೆಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ಹೊಗೆ ಹಿಡಿದ ಪದಾರ್ಥದ ವಾಸನೆಯನ್ನು ಬಲ್ಲವರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಉರಿಸುವ ಕಟ್ಟಿಗೆಗಾಗಿ ಸಿರಿಯದ ಕಾಡು ಸವೆಯುತ್ತ ಹೋದ ಮೇಲೆ ಈ ಎಲೆಯ ತಯಾರಿಕೆಗೆ ಸೈಪ್ರಸ್ ದ್ವೀಪವೇ ಮುಖ್ಯ ನೆಲೆಯಾಯಿತು.

ಆಲ್ಫ್ರೆಡ್ ಡನ್‌ಹಿಲ್ ಎಂಬಾತ ಮೊದಲು ಕುದುರೆಯ ಜೀನು, ಲಗಾಮುಗಳ ವ್ಯಾಪಾರಿ. ಮೋಟಾರುಗಳು ಬಂದಾಗ ಮೋಟಾರು ಸವಾರರ ಸಾಮಾನುಗಳಿಗೆ ತಿರುಗಿದ. ತೆರೆದ ಮೋಟಾರಿನಲ್ಲಿ ಗಾಳಿಗೆ ಆರದಂತೆ ಮುಂದೊಂದು ತಡೆಯುಳ್ಳ ಪೈಪನ್ನು ಮಾಡಿ ಮಾರಿದ. 1907ರಲ್ಲಿ ಲಂಡನ್ನಿನ ಡ್ಯೂಕ್ ಬೀದಿಯಲ್ಲಿ ಹೊಗೆಸೊಪ್ಪಿನ ಅಂಗಡಿಯನ್ನೇ ತೆರೆದ. ಪ್ರತಿಯೊಬ್ಬ ಗಿರಾಕಿಯ ನಾಲಿಗೆಗೆ ಒಪ್ಪುವಂತೆ ವರ್ಜೀನಿಯ, ತುರ್ಕಿ, ಲಟಾಕಿಯ ಎಲೆಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಅದಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕದಲ್ಲಿ ಬರೆದಿಡುವುದು ಅವನ ಪದ್ಧತಿ. ಮನೆಯ ವೈದ್ಯರು ಚೀಟಿ ಬರೆದುಕೊಡುವಂತೆ!

ಸಾಹಿತ್ಯವೂ ಈ ಹೊಗೆಯಿಂದ ಹೊರತಾಗಲಿಲ್ಲ. ಷರ್ಲಾಕ್ ಹೋಮ್ಸ್ ತನ್ನ ಹೊಗೆಸೊಪ್ಪನ್ನು ಪಾರಸಿ ಚಡಾವಿನ ತುದಿಯಲ್ಲಿ ತುರುಕಿಡುತ್ತಿದ್ದನೆಂಬುದನ್ನೂ, ಒಂದು ಕಗ್ಗಂಟನ್ನು 'ಮೂರು ಪೈಪಿನ ಸಮಸ್ಯೆ' ಎಂದು ಕರೆದನೆಂಬುದನ್ನೂ ಪತ್ತೇದಾರಿ ಕಥೆಗಳ ಪ್ರಿಯರು ಬಲ್ಲರು. ಆದರೆ ಚಿತ್ರಗಳಲ್ಲಿ ಅವನ ಬಾಯಲ್ಲಿ ಸದಾ ಕಾಣುವ ಸೋರೆಬುರುಡೆಯ ಡೊಂಕು ಪೈಪು ಕಾನನ್ ಡಾಯ್ಲನ ಕಥೆಗಳಲ್ಲಿ ಎಲ್ಲಿಯೂ ಇಲ್ಲ. ಅದು ರಂಗಭೂಮಿ, ಚಲಚ್ಚಿತ್ರಗಳ ಕೊಡುಗೆ. 'ಪೀಟರ್ ಪ್ಯಾನ್' ಬರೆದ ಬ್ಯಾರಿಯಂತೂ 1890ರಲ್ಲಿ ಹೊಗೆಸೊಪ್ಪನ್ನು ಕುರಿತೇ ಒಂದು ಹಾಸ್ಯಗ್ರಂಥವನ್ನು ಪ್ರಕಟಿಸಿದ.

ಆತುರಗಾರನಿಗೆ ಸಲ್ಲದ ಚಟ

ಹಿಂದೆ ಪೈಪುಗಳೆಲ್ಲ ಜೇಡಿಮಣ್ಣಿನವು. ನಮ್ಮ ಹಳ್ಳಿಗಳ ಚುಂಗಾಣಿಯ ದಾಯಾದಿಗಳು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಮೆಡಿಟರೇನಿಯನ್ ತೀರದ ಒಂದು ಪೊದೆಮರದ ಬೇರುಗಂಟಿನಿಂದ ಮಾಡಿದ 'ಬ್ರೈಯರ್' ಪೈಪುಗಳು ಫ್ರಾನ್ಸಿನ ಸೇಂಟ್ ಕ್ಲಾಡ್ ಎಂಬ ಊರಿನಿಂದ ಬರತೊಡಗಿದವು. ಬೆಂಕಿಗೆ ಬೇಗನೆ ಜಗ್ಗದ ಆ ಗಂಟು ಮಣ್ಣಿನ ಪೈಪನ್ನು ಮೂಲೆಗೊತ್ತಿತು.

ಕರಿಯ ಹುರಿಯನ್ನು ಸೇದುವುದು ಒಂದು ವ್ರತದಂತೆಯೇ ಸರಿ. ಚೂರಿಯಿಂದ ಕಾಸಿನಂತೆ ತೆಳ್ಳಗೆ ಕೊಯ್ಯಬೇಕು. ಅಂಗೈಯಲ್ಲಿ ಉಜ್ಜಿ ಬಿಡಿಸಬೇಕು. ತೇವ ಆರುವವರೆಗೆ ಹರಡಿಡಬೇಕು. ಪೈಪಿಗೆ ತುಂಬುವಾಗ ಮೊದಲು ಮಗುವಿನ ಕೈಯಿಂದ, ನಂತರ ಹೆಂಗಸಿನ ಕೈಯಿಂದ, ಕೊನೆಗೆ ಗಂಡಸಿನ ಕೈಯಿಂದ ಒತ್ತಬೇಕೆಂದು ಹಳಬರ ಮಾತು. ಮೊದಲ ಕಡ್ಡಿಗೆ ಮೇಲ್ಭಾಗ ಉಬ್ಬಿ ಆರುತ್ತದೆ. ಅದನ್ನು ಮೆಲ್ಲನೆ ಅದುಮಿ ಎರಡನೆಯ ಕಡ್ಡಿ ಗೀರಬೇಕು. ಆಮೇಲೆ ಬಿಸಿ ಕಾಫಿಯನ್ನು ಗುಟುಕರಿಸುವಂತೆ ನಿಧಾನ. ಆತುರಪಟ್ಟರೆ ನಾಲಿಗೆ ಸುಡುವುದು ಖಂಡಿತ. ಇಷ್ಟಾದ ಮೇಲೆ ಪೈಪಿಗೆ ಒಂದು ದಿನ ವಿಶ್ರಾಂತಿ. ಇದಕ್ಕಾಗಿಯೇ ವಾರದ ಏಳು ದಿನಗಳಿಗೆ ಏಳು ಪೈಪುಗಳ ಪೆಟ್ಟಿಗೆಗಳನ್ನು ಅಂಗಡಿಯವರು ಮಾರುತ್ತಿದ್ದರು. ಗೃಹಿಣಿಯರ ಪಾಲಿಗೆ ಉಳಿಯುತ್ತಿದ್ದುದು ಮಾತ್ರ ಬೂದಿ ಚೆಲ್ಲಿದ ಜಮಖಾನೆ, ವಾಸನೆ ಹಿಡಿದ ಪರದೆ, ತೂತುಬಿದ್ದ ಕೋಟಿನ ಜೇಬು!

ಈ ನಿಧಾನವೇ ಪೈಪಿಗೊಂದು ಘನತೆಯನ್ನು ತಂದಿತು. ಬಾಯಲ್ಲಿ ಪೈಪಿದ್ದವನು ವಿಚಾರಶೀಲ, ಸಮಾಧಾನಿ, ನಂಬಿಕೆಗೆ ಅರ್ಹ ಎಂಬ ಭಾವನೆ ಬೇರೂರಿತು. ಪ್ರಧಾನಮಂತ್ರಿ ಹೆರಾಲ್ಡ್ ವಿಲ್ಸನ್ನರು ಸಾರ್ವಜನಿಕರ ಮುಂದೆ ಸದಾ ಪೈಪನ್ನು ಹಿಡಿದು, ಖಾಸಗಿಯಾಗಿ ಚುಟ್ಟಾ ಸೇದುತ್ತಿದ್ದರೆಂಬುದು ಪ್ರಸಿದ್ಧ. 1964ರಿಂದ ಇಂಗ್ಲೆಂಡಿನಲ್ಲಿ ಪ್ರತಿವರ್ಷವೂ ಒಬ್ಬ ಗಣ್ಯರಿಗೆ 'ವರ್ಷದ ಪೈಪುಗಾರ' ಎಂಬ ಬಿರುದನ್ನೂ ಕೊಡುತ್ತಿದ್ದರು. 1965ರಲ್ಲಿ ಆ ಬಿರುದು ವಿಲ್ಸನ್ನರಿಗೇ ಸಂದಿತು.

ಲೆಕ್ಕ ಚುಕ್ತಾ ಆದ ಬಗೆ

ಪೈಪಿನ ಪಕ್ಷಪಾತಿಗಳು ತಪ್ಪದೆ ಹೇಳುವ ಕಥೆಯೊಂದುಂಟು. 1948ರ ಅಕ್ಟೋಬರಿನಲ್ಲಿ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ನಾರ್ವೆ ದೇಶದಲ್ಲಿ ನೀರಿನ ಮೇಲಿಳಿಯುವ ವಿಮಾನವನ್ನೇರಿದರು. ಪೈಪು ಸೇದಲು ಅವಕಾಶವಿರುವ ಭಾಗದಲ್ಲಿಯೇ ತಮಗೆ ಸ್ಥಳ ಬೇಕೆಂದು ಹಟಹಿಡಿದು ಕುಳಿತರು. ಟ್ರಾಂಡ್‌ಹೈಮಿನ ಬಳಿ ವಿಮಾನ ನೀರಿಗೆ ಬಡಿದು ಒಡೆದಾಗ, ಹೊಗೆ ನಿಷಿದ್ಧವಾಗಿದ್ದ ಭಾಗದಲ್ಲಿದ್ದ ಹತ್ತೊಂಬತ್ತು ಮಂದಿ ಮಡಿದರು. ಎಪ್ಪತ್ತಾರರ ವೃದ್ಧ ರಸೆಲ್ ಕೋಟು ಸಮೇತ ಈಜಿ ಬದುಕಿದರು, ತೊಂಬತ್ತೇಳರವರೆಗೂ ಬಾಳಿದರು.

ಕಥೆ ನಿಜ. ಆದರೆ ಒಬ್ಬನ ಅದೃಷ್ಟದಿಂದ ಲಕ್ಷ ಜನರ ಲೆಕ್ಕವನ್ನು ಕಟ್ಟಲಾಗದು. ಆ ಲೆಕ್ಕವನ್ನು ಕಟ್ಟಿದವರು ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ಆಂಗ್ಲ ವಿಜ್ಞಾನಿಗಳು. ಶ್ವಾಸಕೋಶದ ಕ್ಯಾನ್ಸರ್ ಹೆಚ್ಚುತ್ತಿರುವುದಕ್ಕೆ ರಸ್ತೆಯ ಡಾಂಬರು, ಮೋಟಾರಿನ ಹೊಗೆ ಕಾರಣವಿರಬಹುದೆಂದು ಶಂಕಿಸಿ ಹೊರಟ ಅವರಿಗೆ ಸಿಕ್ಕಿದ ಅಪರಾಧಿ ಸಿಗರೇಟು. 1950ರಲ್ಲಿ ಫಲಿತಾಂಶ ಪ್ರಕಟವಾಯಿತು; ಡಾಲ್ ಸ್ವತಃ ಧೂಮಪಾನವನ್ನು ತ್ಯಜಿಸಿದರು. 1962ರಲ್ಲಿ ಲಂಡನ್ನಿನ ರಾಯಲ್ ವೈದ್ಯ ಕಾಲೇಜು ತನ್ನ ಪ್ರಸಿದ್ಧ ವರದಿಯನ್ನು ಹೊರಡಿಸಿತು.

ಆ ವರದಿಗಳಲ್ಲಿ ಪೈಪು ಸೇದುವವರ ಅಪಾಯ ಸಿಗರೇಟಿನವರಿಗಿಂತ ಕಡಮೆಯೆಂದು ಕಂಡುಬಂದಿತ್ತು. ಜನರು 'ಕಡಮೆ' ಎಂಬ ಪದವನ್ನು 'ಇಲ್ಲ' ಎಂದು ಓದಿಕೊಂಡರು! ಎಷ್ಟೋ ಮಂದಿ ಸಿಗರೇಟನ್ನು ಬಿಟ್ಟು, ಕ್ಷೇಮವೆಂಬ ಭರವಸೆಯಿಂದ ಪೈಪನ್ನು ಹಿಡಿದರು. ಸಿಗರೇಟಿನಲ್ಲಿ ಪಳಗಿದ ಅಂತಹವರು ಪೈಪಿನ ಹೊಗೆಯನ್ನೂ ಎದೆಯೊಳಕ್ಕೆ ಎಳೆಯುವುದುಂಟು. ಆಗ ಆ ಅಲ್ಪ ಲಾಭವೂ ಕೈಬಿಟ್ಟಂತೆಯೇ.

2004ರಲ್ಲಿ ಅಮೆರಿಕದ ಕ್ಯಾನ್ಸರ್ ಸಂಘದ ಸಂಶೋಧಕರು 1,38,000ಕ್ಕೂ ಹೆಚ್ಚು ಪುರುಷರನ್ನು ವರ್ಷಗಟ್ಟಲೆ ಗಮನಿಸಿದ ಲೆಕ್ಕವನ್ನು ಹೊರಗಿಟ್ಟರು. ಸಿಗರೇಟನ್ನಾಗಲಿ ಚುಟ್ಟಾವನ್ನಾಗಲಿ ಸೇದದೆ ಪೈಪನ್ನು ಮಾತ್ರ ಸೇದಿದವರಲ್ಲಿಯೂ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ ಸೇದದವರಿಗಿಂತ ಸುಮಾರು ಐದು ಪಟ್ಟು ಹೆಚ್ಚಾಗಿತ್ತು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳಗಳ ಕ್ಯಾನ್ಸರೂ ಹೆಚ್ಚು. ಹೊಗೆಯನ್ನು ನುಂಗದಿದ್ದರೂ ಅದು ಬಾಯಲ್ಲಿಯೇ ಸುಳಿದಾಡುತ್ತದೆ. ಸೇದುವವನು ಕೋಣೆಯ ಹೊಗೆಯನ್ನು ಉಸಿರಾಡದೆ ವಿಧಿಯಿಲ್ಲ. ಮನೆಯವರ ಮೂಗಿಗೂ ಅದೇ ಗಾಳಿ.

ಇದು ಹೊಸ ಎಚ್ಚರಿಕೆಯೂ ಅಲ್ಲ. ಪೈಪು ಸೇದುವವರ ತುಟಿಗಳಲ್ಲಿ ಕ್ಯಾನ್ಸರ್ ಕಾಣಿಸುತ್ತಿದೆಯೆಂದು ಜರ್ಮನ್ ವೈದ್ಯ ಸ್ಯೊಮ್ಮರಿಂಗ್ ಬರೆದದ್ದು 1795ರಲ್ಲಿ. ಅಂದರೆ ಹ್ಯಾರಿಸನ್ನನ ಕುದುರೆಗಳು ಕೆಂಡಲ್ಲಿಗೆ ಬಂದು ಮೂರೇ ವರ್ಷ! ಯಂತ್ರ ಹಾಗೂ ಎಚ್ಚರಿಕೆ ಸರಿಸುಮಾರು ಒಂದೇ ಕಾಲದಲ್ಲಿ ಹುಟ್ಟಿದವು. ಯಂತ್ರದ ಸದ್ದು ಮಾತ್ರ ಜನರಿಗೆ ಕೇಳಿಸಿತು.

ಉಳಿದಿರುವುದೇನು?

ಇಂಗ್ಲೆಂಡಿನಲ್ಲಿ 2007ರ ಜುಲೈ 1ರಿಂದ ಹೋಟೆಲು, ಪಾನಗೃಹ, ಕಚೇರಿಗಳೊಳಗೆ ಧೂಮಪಾನ ನಿಷಿದ್ಧವಾಯಿತು. ಜಾಹೀರಾತನ್ನು ಕಾಯಿದೆ ತಡೆದ ಮೇಲೆ 'ವರ್ಷದ ಪೈಪುಗಾರ' ಬಿರುದೂ ನಿಂತುಹೋಯಿತು. 2003ರಲ್ಲಿ ನಟ ಸ್ಟೀಫನ್ ಫ್ರೈ ಅದನ್ನು ಪಡೆದವರಲ್ಲಿ ಕೊನೆಯವರು. ಕಲ್ಲಿದ್ದಲ ಗಣಿಗಳು ಒಂದೊಂದಾಗಿ ಮುಚ್ಚಿದವು. ಹುರಿಯನ್ನು ಅಗಿಯುವವರು ಇಲ್ಲವಾದರು. ಕವಲೊಡೆದಿದ್ದ ಗಾವಿತ್ ಮನೆತನದ ಎರಡು ಸಂಸ್ಥೆಗಳು 2015ರಲ್ಲಿ ಮತ್ತೆ ಒಂದೇ ಸೂರಿನ ಕೆಳಗೆ ಬಂದವು. ದಾಯಾದಿ ಕಲಹವನ್ನು ಪ್ರೀತಿಗಿಂತ ಬಡತನವೇ ಹೆಚ್ಚು ಸಲ ನಿಲ್ಲಿಸುತ್ತದೆ ಎಂಬ ಮಾತು ನಮ್ಮ ಮನೆಗಳಿಗೆ ಹೊಸದಲ್ಲವಷ್ಟೆ.

ಈ ಕಥೆಯ ಒಂದು ಎಳೆ ನಮ್ಮ ನಾಡಿನವರೆಗೂ ಚಾಚಿದೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಮಳೆಯಾಶ್ರಯದಲ್ಲಿ ಬೆಳೆಯುವುದು ಅದೇ ವರ್ಜೀನಿಯ ತಳಿಯ ಹೊಗೆಸೊಪ್ಪು. ಬ್ಯಾರನ್ ಎಂದು ಕರೆಯುವ ಹದಮನೆಗಳಲ್ಲಿ ಸೌದೆ ಉರಿಸಿ, ರಾತ್ರಿಯಿಡೀ ಕಾವು ಕಾದು, ರೈತರು ಎಲೆಗೆ ಹೊಂಬಣ್ಣ ಬರಿಸುತ್ತಾರೆ. 1976ರಲ್ಲಿ ಸ್ಥಾಪಿತವಾದ ತಂಬಾಕು ಮಂಡಲಿಯ ಹರಾಜು ಕಟ್ಟೆಗಳಲ್ಲಿ ಅದು ಮಾರಾಟವಾಗಿ ಬಹುಪಾಲು ಹೊರದೇಶಗಳಿಗೆ ಹೋಗುತ್ತದೆ. ಬೆಳಗಿನ ಇಬ್ಬನಿಯಲ್ಲಿ ಒದ್ದೆ ಎಲೆಯನ್ನು ಮುರಿಯುವ ಆಳುಗಳಿಗೆ ನಿಕೋಟಿನ್ ಚರ್ಮದ ಮೂಲಕವೇ ಇಳಿದು ತಲೆಸುತ್ತು, ವಾಂತಿ ಬರುವುದುಂಟು. ಒಮ್ಮೆಯೂ ಸೇದದವರಿಗೆ ಸೊಕ್ಕಿಸುವ ಬೆಳೆ ಇದು! ಬದಲಿ ಬೆಳೆಯ ಮಾತು ಬಂದಾಗಲೆಲ್ಲ ರೈತನು ಕೇಳುವ ಪ್ರಶ್ನೆ ಒಂದೇ: ಆ ಬೆಳೆಗೆ ಇಷ್ಟು ಖಚಿತವಾದ ಕಟ್ಟೆ, ಇಷ್ಟು ಖಚಿತವಾದ ಹಣ ಎಲ್ಲಿದೆ?

ಕೆಂಡಲ್ಲಿನ ಕೈಚಳಕ ಮೆಚ್ಚತಕ್ಕದ್ದೇ. ಕಾಯಿದೆ ಸಕ್ಕರೆಯನ್ನು ಕಸಿದುಕೊಂಡಾಗ ಎಲೆಯಿಂದಲೇ ಸಿಹಿಯನ್ನು ಹೊರಡಿಸಿದ ಜಾಣ್ಮೆ, ಅಂಗೈಯ ಅಂದಾಜಿನಲ್ಲಿಯೇ ಅಳೆಯುವ ಅಭ್ಯಾಸ, ಎರಡೂವರೆ ಶತಮಾನದ ಯಂತ್ರವನ್ನು ಮಗುವಿನಂತೆ ಸಾಕಿದ ಅಕ್ಕರೆ—ಇವು ಯಾವ ಕಸುಬಿಗಾದರ��ೂ ಭೂಷಣ. ಇಷ್ಟೊಂದು ಗುಣಗಳು ಇಂತಹ ಒಂದು ಪದಾರ್ಥದ ಪಾಲಾದುವಲ್ಲಾ ಎಂಬುದೇ ವಿಷಾದ. ಆ ಊರಿನವರು ಪುದೀನದ ಬಿಲ್ಲೆಯನ್ನೂ ಮಾಡಬಲ್ಲರೆಂಬುದು ಸಮಾಧಾನ. ಎವರೆಸ್ಟಿನ ತುದಿಗೆ ಹೋಗಿ ಬಂದದ್ದು ಆ ಬಿಲ್ಲೆಯೇ ಹೊರತು ಕರಿಯ ಹಗ್ಗವಲ್ಲ.